ಮೂರನೆಯ ಪಾದ್ರಿಯ ಹೊಟ್ಟೆ

ಗೋವಾದ ಬಂದರಿನ ಪಕ್ಕದ ಸಡಾದಲ್ಲಿ, ದಸ್ತಗೀರ ಮಾಸ್ತರನ ಹೊಲಿಗೆ ಅಂಗಡಿಯಲ್ಲಿ ಮುಮ್ತಾಜಳ ಪಾಲಿಗೆ ಬಂದದ್ದು ಕಾಜಾ ಹಾಕುವ ಕೆಲಸ. ಗುಂಡಿ ತೂರುವ ಸೀಳಿನ ಸುತ್ತ ಒತ್ತೊತ್ತಾಗಿ ಹೊಲಿಗೆ ಹಾಕಿ, ಎಷ್ಟು ಎಳೆದರೂ ಹರಿಯದ ಹಾಗೆ ಅಂಚು ಕಟ್ಟಬೇಕು. ಮಾಸ್ತರ ಅವಳ ತಾಯಿಯ ಅಣ್ಣ. ಬಂದರಿನಲ್ಲಿ ದುಡಿಯುತ್ತಿದ್ದ ತಂದೆ ಯಾಕೂಬ ತೀರಿಕೊಂಡಾಗ ಅವಳು ಆರನೇ ಇಯತ್ತೆ. ಮುಂದಿನ ತಿಂಗಳು ಪಾಟಿಚೀಲ ಗೂಟಕ್ಕೆ ಹೋಯಿತು, ಸೂಜಿ ಕೈಗೆ ಬಂತು. ಮಾತು ಕಡಿಮೆಯ ಹುಡುಗಿ. ಗಿರಾಕಿ ಬಂದರೆ ಮಷೀನಿನ ಹಿಂದೆ ಸರಿದು ಕೂತುಬಿಡುವಳು. ಆದರೆ ಬಂದವರ ಅಂಗಿಯಲ್ಲಿ ಯಾವ ಗುಂಡಿ ಬೇರೆ ಬಣ್ಣದ್ದು, ಯಾವ ತೋಳಿಗೆ ತೇಪೆ ಬಿದ್ದಿದೆ ಎಂಬುದು ಅವರು ಹೋಗಿ ತಿಂಗಳಾದರೂ ಅವಳ ಕಣ್ಣಲ್ಲಿ ಉಳಿದಿರುತ್ತಿತ್ತು.

ಅವಳಿಗೆ ಹತ್ತೊಂಬತ್ತು ತುಂಬಿದ್ದ ಎಂಬತ್ತಾರರ ಚಳಿಗಾಲದಲ್ಲಿ ಮುಂಬಯಿಯಿಂದ ಟೀವಿಯವರು ಬಂದರು. ನೂರು ವರ್ಷದ ಹಿಂದೆ, ರಾಣಿಯ ಕಾಲದಲ್ಲಿ, ಇಂಗ್ಲೆಂಡಿನ ಪಾದ್ರಿಗಳ ಬಾಳುವೆಯ ಮೇಲೆ ಬರೆದ ದಪ್ಪ ದಪ್ಪ ಕಾದಂಬರಿಗಳಿದ್ದವಂತೆ. ಅವನ್ನು ಸೇರಿಸಿ ಹಿಂದಿಯಲ್ಲಿ ಹದಿಮೂರು ವಾರದ ಸೀರಿಯಲ್ ಮಾಡುವವರಿದ್ದರು. ಇಂಗ್ಲೆಂಡಿನವರೆಗೆ ಹೋಗುವ ಶಕ್ತಿ ಇಲ್ಲದೆ ಗೋವಾಕ್ಕೆ ಬಂದಿದ್ದರು. ಕೆಪೆಯ ಹತ್ತಿರ ಎರ್ಮೆಲಿಂದ ಬಾಯಿ ಎಂಬ ಮುದುಕಿಯ ಹಳೆಯ ಬಂಗಲೆ, ಅದರ ಅಂಗಳದಲ್ಲೇ ಒಂದು ಪುಟ್ಟ ಚರ್ಚು, ಊರವರ ಬಾಯಲ್ಲಿ ಇಗರ್ಜಿ. ಅದೇ ಇಂಗ್ಲೆಂಡು. ಊರ ಪಾದ್ರಿಗಳಿಗೆ ಹೊಲಿದು ಕೈ ಪಳಗಿದ್ದ ದಸ್ತಗೀರನಿಗೆ ಹನ್ನೆರಡು ಕರಿ ನಿಲುವಂಗಿಗಳ ಕೆಲಸ ಸಿಕ್ಕಿತು. ಕುತ್ತಿಗೆಯಿಂದ ಕಾಲಿನವರೆಗೆ ಒಂದೊಂದಕ್ಕೆ ಮೂವತ್ತಮೂರು ಗುಂಡಿ. ಕಾಜಾ ಎಲ್ಲ ಮುಮ್ತಾಜಳ ಕೈಯದು.

ಬಟ್ಟೆ ಉಳಿಸದ ದರ್ಜಿ ಎಲ್ಲಿದ್ದಾನೆ? ಆದರೆ ದಸ್ತಗೀರ ಉಳಿಸುತ್ತಿದ್ದದ್ದು ಚೂರುಪಾರು ಅಲ್ಲ. ಹನ್ನೆರಡು ನಿಲುವಂಗಿಯಲ್ಲಿ ನಾಲ್ಕು ಪ್ಯಾಂಟಿನ ಬಟ್ಟೆ ಉಳಿಸಿ ಹಲಗೆಯ ಕೆಳಗೆ ತುರುಕಿದ್ದ.

“ನಡದಾಗ ಬಿಗಿ ಆಗ್ತಾವ, ಮಾಮೂ,” ಎಂದಳು ಮುಮ್ತಾಜ, ತಲೆ ಎತ್ತದೆ.

“ಇಂಗ್ಲೆಂಡ ಪಾದ್ರಿಗೋಳು ನಮ್ಮಂಗ ಅನ್ನ ಜಡೀತಾರೇನ? ಅವರಿಗೆ ಹೊಟ್ಟೀನ ಇರೂದಿಲ್ಲ. ನೀ ಸುಮ್ನ ಕಾಜಾ ಹಾಕ.”

ಶೂಟಿಂಗ್ ನಡೆದ ದಿನಗಳಲ್ಲಿ ಇಬ್ಬರೂ ಕೆಪೆಗೇ ಹೋಗಿ ಬರುತ್ತಿದ್ದರು. ನಟರಿಗೆ ಗುಂಡಿ ಹಾಕುವುದು, ಬಿಚ್ಚುವುದು, ಮಡಚಿಡುವುದು ಅವಳ ಕೆಲಸ. ಬಟ್ಟೆಬರೆಯ ಉಸ್ತುವಾರಿ ಬೆಳಗಾವಿಯ ಪದ್ಮಾಬಾಯಿಯದು. ಅಲ್ಲಿ ಕಥೆಯನ್ನು ಹಿಂದುಮುಂದಾಗಿ ತೆಗೆಯುತ್ತಿದ್ದರು. ಬೆಳಿಗ್ಗೆ ಸತ್ತವನು ಮಧ್ಯಾಹ್ನ ಚಹಾ ಕುಡಿಯುತ್ತ ಜಗಳವಾಡುತ್ತಿದ್ದ. ನಾಲ್ಕು ದಿನದ ಹಿಂದೆ ಯಾವ ಪಾದ್ರಿಯ ಎಷ್ಟನೆಯ ಗುಂಡಿ ಬಿಚ್ಚಿತ್ತು, ಯಾರ ಅಂಚಿಗೆ ಕೆಸರು ಹತ್ತಿತ್ತು ಎಂದು ಪದ್ಮಾಬಾಯಿ ತನ್ನ ವಹಿ ತಿರುವಿ ಹಾಕುವ ಮೊದಲೇ ಮುಮ್ತಾಜ ಹೇಳಿಬಿಡುವಳು.

ಕಥೆಯೂ ಹಾಗೆಯೇ ತುಂಡುತುಂಡಾಗಿ ಅವಳಿಗೆ ತಿಳಿಯಿತು. ಅಣ್ಣ ತಮ್ಮ ಇಬ್ಬರೂ ಪಾದ್ರಿಗಳು. ಬಡ ಹಳ್ಳಿಯ ತಮ್ಮ ಬರೆದಿಟ್ಟ ಪ್ರವಚನಗಳನ್ನು ಅಣ್ಣ ಕದ್ದು ತನ್ನ ಹೆಸರಲ್ಲಿ ಅಚ್ಚು ಹಾಕಿಸುತ್ತಾನೆ, ಮುದಿ ಬಿಷಪ್ ಸತ್ತ ಮೇಲೆ ಅವನ ಕುರ್ಚಿಗೂ ಏರುತ್ತಾನೆ. ಕೊನೆಗೆ ತಮ್ಮ ಎಲ್ಲರೆದುರು ಅಣ್ಣನನ್ನು ಕ್ಷಮಿಸುತ್ತಾನೆ. ಆ ಮಾತು ಆಡುವಾಗ ನಟನಿಗೆ ನಾಲಿಗೆ ತೊಡರಿ ಹನ್ನೊಂದು ಸಲ ತೆಗೆಯಬೇಕಾಯಿತು. ಮುಮ್ತಾಜ ಅವನ ಮೇಲಂಗಿ ಹಿಡಿದುಕೊಂಡು ಹನ್ನೊಂದು ಸಲವೂ ನೋಡಿದಳು.

ಬಿಷಪ್ಪನ ಉಡುಪಿಗೆಂದು ಎರ್ಮೆಲಿಂದ ಬಾಯಿ ತನ್ನ ಅಜ್ಜಿ ಹೆಣೆದ ಲೇಸು ಕೊಟ್ಟಿದ್ದಳು. ನಾಲ್ಕು ಮೊಳ ಉದ್ದ. ಗೋಧಿಯ ತೆನೆ, ದ್ರಾಕ್ಷಿಯ ಗೊನೆ, ಮತ್ತೆ ತೆನೆ, ಮತ್ತೆ ಗೊನೆ. ಒಂದು ಗೊನೆಯನ್ನು ಜಿರಲೆ ತಿಂದಿತ್ತು. ಹಳೆಯ ಲೇಸಿನ ಬಣ್ಣಕ್ಕೆ ಹೊಂದಲಿ ಎಂದು ಮುಮ್ತಾಜ ದಾರವನ್ನು ಚಹಾದ ನೀರಲ್ಲಿ ಅದ್ದಿ ಒಣಗಿಸಿ, ಎರಡು ದಿನ ಕೂತು ಆ ಗೊನೆಯನ್ನು ಮತ್ತೆ ಹೆಣೆದಳು. ಮುದುಕಿ ಕನ್ನಡಕ ಏರಿಸಿ ನೋಡಿ, “ಬರೇಂ,” ಎಂದು ಕೊಂಕಣಿಯಲ್ಲಿ ಮೆಚ್ಚಿ ಅವಳ ಕೆನ್ನೆ ಮುಟ್ಟಿದಳು. ತಂದೆ ಸತ್ತ ಮೇಲೆ ಹಾಗೆ ಅವಳ ಕೆನ್ನೆ ಮುಟ್ಟಿದವರು ಯಾರೂ ಇರಲಿಲ್ಲ.

ಅದೇ ಕೆನ್ನೆಗೆ ಏಟು ಬಿದ್ದದ್ದು ಆ ಶುಕ್ರವಾರ.

ಅಂದು ಬಿಷಪ್ಪನ ಶವಯಾತ್ರೆ ತೆಗೆಯುವುದಿತ್ತು. ಸಾಲಾಗಿ ಹತ್ತು ಪಾದ್ರಿಗಳು ಮೇಣದಬತ್ತಿ ಹಿಡಿದು ಅಂಗಳ ದಾಟಬೇಕು. ಊಟದ ನಂತರ ನೋಡಿದರೆ ಒಬ್ಬ ಬಂದೇ ಇಲ್ಲ. “ಮಾಸ್ತರ, ನೀವ ನಿಲ್ರಿ,” ಎಂದು ಪದ್ಮಾಬಾಯಿ ದಸ್ತಗೀರನ ಕೈಗೆ ಒಂದು ನಿಲುವಂಗಿ ಕೊಟ್ಟಳು. ಕ್ಯಾಮೆರಾ ಅಂದರೆ ಓಡಿ ಹೋಗಿ ಮುಂದೆ ನಿಲ್ಲುವ ದಸ್ತಗೀರ ಅಂದು ಯಾಕೋ ಒಲ್ಲೆ ಎಂದ, ಅವಳು ಬಿಡಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ತೊಟ್ಟು ಬಂದ. ಸಾಲಿನಲ್ಲಿ ಮೂರನೆಯವನು. ಹೊಟ್ಟೆಯ ಹತ್ತಿರ ಮೂರು ಗುಂಡಿ ಬಿಗಿದು ನಡುವೆ ಬಟ್ಟೆ ಬಾಯಿ ಬಿಡುತ್ತಿತ್ತು. ಸರಿಪಡಿಸಲು ಮುಮ್ತಾಜ ಕೈ ಚಾಚಿದರೆ, “ಏ, ದೂರ ಸರಿ!” ಎಂದು ಕೈಯನ್ನು ತಟ್ಟಿಹಾಕಿದ. ಕರಿ ಬಟ್ಟೆಯ ಸಂದಿಯಲ್ಲಿ ಏನೋ ಬೆಳ್ಳಗೆ ಕಂಡಿತು. ಬನಿಯನ್ ಇರಬೇಕೆಂದು ಅವಳು ಹಿಂದೆ ಸರಿದಳು.

ಅಂಗಳದ ಸುತ್ತ ತೆಂಗಿನಮರ. ಇಂಗ್ಲೆಂಡಿನಲ್ಲಿ ತೆಂಗಿನಮರ ಎಲ್ಲಿಂದ ಬರಬೇಕು? ಮರ ಕಾಣಬಾರದೆಂದು ಕ್ಯಾಮೆರಾದವನು ನೆಲಕ್ಕೆ ಕೂತು, ಎದೆಯಿಂದ ಮೇಲೆ ಏನೂ ಬರದ ಹಾಗೆ ಹಿಡಿದ. ಬತ್ತಿ, ಕೈ, ಹೊಟ್ಟೆ, ಅಂಗಿಯ ಅಂಚು. ಪಾದ್ರಿಗಳಾಗಿ ನಡೆದವರಿಗೆ ಇದು ತಿಳಿಯದು. ಗೋಡೆಗೆ ಒರಗಿ ನಿಂತ ಮುಮ್ತಾಜ ನೋಡಿದ್ದಳು.

ಸಂಜೆ ಐದಕ್ಕೆ ಲೇಸು ಇಲ್ಲವೆಂದು ಗೊತ್ತಾಯಿತು. ಕಳೆದ ವಾರ ಶೂಟಿಂಗಿನ ಒಂದು ದೀಪ ಕಳುವಾದಾಗಿನಿಂದ ಗೇಟಿನಲ್ಲಿ ಎಲ್ಲರ ಚೀಲ ನೋಡುತ್ತಿದ್ದರು. ಇವತ್ತು ಮೈಯನ್ನೂ ತಡಕಬೇಕು, ಪೊಲೀಸರನ್ನು ಕರೆಯಬೇಕು ಎಂದ ಮ್ಯಾನೇಜರ್. ಬಂಗಲೆಯ ವರಾಂಡದಲ್ಲಿ ನಲವತ್ತು ಜನ ಕೂಡಿದ್ದರು. ಎರ್ಮೆಲಿಂದ ಬಾಯಿ ಕುರ್ಚಿಯಲ್ಲಿ ಕೂತಿದ್ದಳು. ಆಗ ದಸ್ತಗೀರ ಮುಂದೆ ಬಂದು, ಎಲ್ಲರೂ ಬೆಚ್ಚುವ ಹಾಗೆ ಮುಮ್ತಾಜಳ ಕೆನ್ನೆಗೆ ಬಾರಿಸಿದ.

“ಇಕೀನ! ನಮ್ಮ ಮುಮ್ತಾಜನ ತಗೊಂಡಾಳ! ಲೇಸು ಇಕಿ ಕೈಯಾಗ ಇತ್ತು, ಮತ್ಯಾರ ತಗೊಳ್ಳಾಕ ಸಾಧ್ಯ? ತಂದಿ ಇಲ್ಲದ ಕೂಸು ಅಂತ ಸಾಕೇನಿ, ಸಾಹೇಬ್ರ, ನನ್ನ ಮಾರಿಗೆ ಮಸಿ ಬಳದಾಳ. ಪೊಲೀಸ ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಮನಿಗೆ ಒಯ್ದು ಚರ್ಮಾ ಸುಲದ ಬಾಯಿ ಬಿಡಿಸಿ, ಲೇಸು ತಂದ ಕೊಡ್ತೀನಿ.”

ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಮಾತು ಹೊರಡದ್ದನ್ನೇ ಎಲ್ಲರೂ ಒಪ್ಪಿಗೆ ಎಂದುಕೊಂಡರು. ಮುದುಕಿ ಮುಖ ಆಚೆ ತಿರುಗಿಸಿದಳು. ಕನಿಕರಪಟ್ಟ ಮ್ಯಾನೇಜರ್ ಮೈ ತಡಕದೆಯೇ ಇಬ್ಬರನ್ನೂ ಗೇಟಿನಿಂದ ಆಚೆ ಕಳಿಸಿದ. ಬಸ್ಸಿನಲ್ಲಿ ಮಾಮೂ ಹೊಟ್ಟೆ ಹಿಡಿದುಕೊಂಡು ನೆಟ್ಟಗೆ ಕೂತಿದ್ದ. ಅವಳ ಎಡಗಿವಿ ಸಿಳ್ಳೆ ಹೊಡೆಯುತ್ತಿತ್ತು.

ಸಡಾಕ್ಕೆ ಸುದ್ದಿ ತಂದವನೂ ಅವನೇ. “ದ್ರಾಕ್ಷಿ ಗೊನಿ ಇದ್ದ ಲೇಸು, ಏನ ನಾಜೂಕ ಅಂತೀರಿ! ಕದ್ದು ಎಲ್ಲಿ ಮಾರಿದಳೋ ಬಾಯಿ ಬಿಡವಲ್ಲಳು. ನಾ ಇದ್ದೆ ಅಂತ ಜೇಲ ತಪ್ಪೇತಿ,” ಎಂದು ಹೇಮಲಪ್ಪನ ಚಹಾದಂಗಡಿಯ ಮುಂದೆ ಕೂತು ಹೇಳಿದ. ಎಂಟು ದಿನದಲ್ಲಿ ಜೈನಬ ಮುಮ್ತಾಜಳ ತಾಯಿಯನ್ನು ಕಾಣಲು ಮನೆಗೆ ಬಂದಳು. ಅವಳ ಮಗ, ಲಾರಿ ಓಡಿಸುವ ರಾಜಮಹ್ಮದನಿಗೆ ಮುಮ್ತಾಜಳನ್ನು ಗೊತ್ತು ಮಾಡಿದ್ದರು.

“ಖುರ್ಷಿದಾ, ಬ್ಯಾಸರ ಮಾಡ್ಕೋಬ್ಯಾಡ. ಕೈ ಸ್ವಚ್ಛ ಇಲ್ಲದ ಹುಡುಗೀನ ಮನಿ ತುಂಬಿಸ್ಕೊಂಡು ನಾ ದಿನಾ ಪೆಟ್ಟಿಗಿ ಕೀಲಿ ಎಲ್ಲಿ ಮುಚ್ಚಿಡ್ಲಿ?”

ಗುಟ್ಟು ಹೊಳೆದದ್ದು ಮರುದಿನ, ಅಂಗಡಿಯಲ್ಲಿ. ಕಾಜಾ ಹಾಕುತ್ತಿದ್ದ ಮುಮ್ತಾಜ ಎದುರು ಕೂತ ಮಾಮೂನ ಕಡೆ ನೋಡಿದಳು. ಅಂಗಿಯ ಒಳಗೆ ಖಾಕಿ ಬನಿಯನ್. ಬಂದರಿನ ಗುಜರಿಯಲ್ಲಿ ಡಜನ್ ಲೆಕ್ಕದಲ್ಲಿ ಕೊಂಡವು. ಹತ್ತು ವರ್ಷದಿಂದ ಅವನು ಬೇರೆ ಬಣ್ಣದ್ದು ತೊಟ್ಟಿರಲಿಲ್ಲ. ಸೂಜಿ ಬೆರಳಿಗೆ ಹೊಕ್ಕಿತು. ಹಾಗಾದರೆ ಆ ಸಂದಿಯಲ್ಲಿ ಕಂಡ ಬೆಳ್ಳಗಿನದು?

ತಾಯಿಯ ಹತ್ತಿರ ಹೇಳಿದಳು. ಖುರ್ಷಿದಾಬೇಗಂ ಗಾಬರಿಯಾಗಿ ಅವಳ ಬಾಯಿಗೆ ಅಂಗೈ ಒತ್ತಿದಳು. “ಅನ್ನಾ ಹಾಕೋ ಕೈ ಅದು. ಹಂಗೆಲ್ಲ ಅಂದ್ರ ಬೀದಿಗಿ ಬೀಳ್ತೀವಿ. ಮತ್ತ ಯಾರ ನಂಬ್ತಾರ ನಿನ್ನ?”

ಯಾರೂ ನಂಬುವುದಿಲ್ಲ, ಅದು ನಿಜ. ಆದರೆ ಅಂದು ಅಂಗಳದಲ್ಲಿ ತನ್ನ ಕಣ್ಣಲ್ಲದೆ ಇನ್ನೊಂದು ಕಣ್ಣೂ ಇತ್ತು, ಅದು ನೆಲಕ್ಕೆ ಕೂತು ಹೊಟ್ಟೆಗಳನ್ನೇ ನೋಡುತ್ತಿತ್ತು. ಮುಮ್ತಾಜ ಕಾಯಲು ಕೂತಳು. ತನ್ನನ್ನು ಕಳ್ಳಿ ಎಂದವನ ಎದುರಿಗೇ, ಅವನು ಕತ್ತರಿಸಿ ಎಸೆದ ಬಟ್ಟೆಗೆ ಕಾಜಾ ಹಾಕುತ್ತ, ಒಂದು ವರ್ಷದ ಮೇಲೆ ಎರಡು ತಿಂಗಳು. ಹಾಕಿದ ಒಂದೊಂದು ಹೊಲಿಗೆಯಲ್ಲೂ ಅವನ ಮಾತನ್ನು ಅವನ ಗಂಟಲಿಗೇ ಸೇರಿಸಿ ಹೊಲಿದಳು. ಚಹಾದಲ್ಲಿ ಅದ್ದಿದ ದಾರದ ಉಂಡೆಯನ್ನು ಮಾತ್ರ ಯಾವ ಬಟ್ಟೆಗೂ ಬಳಸದೆ ಎತ್ತಿಟ್ಟಳು.

ಎಂಬತ್ತೆಂಟರಲ್ಲಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಸೀರಿಯಲ್ ಶುರುವಾಯಿತು. ಆ ಓಣಿಯಲ್ಲಿ ಬಣ್ಣದ ಟೀವಿಯೂ ಕ್ಯಾಸೆಟ್ ಹಾಕುವ ಯಂತ್ರವೂ ಇದ್ದದ್ದು ಬಂದರಿನ ಆಫೀಸಿನ ರಘೋತ್ತಮ ಅವರ ಮನೆಯಲ್ಲಿ ಮಾತ್ರ. ಧಾರವಾಡದವರು. ಅವರ ಹೆಂಡತಿ ಕೃಷ್ಣಾಬಾಯಿಯ ಕುಪ್ಪಸಗಳಿಗೆ ಹುಕ್ ಹಚ್ಚಿ ಮನೆಗೆ ಒಯ್ದು ಕೊಡುತ್ತಿದ್ದವಳು ಮುಮ್ತಾಜ. ವಾರ ವಾರವೂ ಬಾಗಿಲ ಬಳಿ ಕೂತು ನೋಡುವಳು. ಒಂಬತ್ತನೆಯ ವಾರ ಮುದಿ ಬಿಷಪ್ ಕೆಮ್ಮಿ ಕರವಸ್ತ್ರದಲ್ಲಿ ರಕ್ತ ಕಂಡ. ಮುಂದಿನ ವಾರ ಶವಯಾತ್ರೆ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು.

“ಬಾಯಾರ,” ಎಂದಳು. “ಮುಂದಿನ ವಾರದ್ದು ಕ್ಯಾಸೆಟ್ಟಿನ್ಯಾಗ ಹಿಡದ ಇಡ್ರಿ. ನಮ್ಮ ಮಾಮೂ ಬರ್ತಾರ ಅದರಾಗ.”

“ಅಯ್ಯ, ಹೌದೇನ? ಅದಕ್ಕೇನಂತ, ಹಿಡಸೋಣ. ಎಲ್ಲಾರ್ನೂ ಕರಕೊಂಡ ಬಾರವಾ, ಹಬ್ಬ ಆದಂಗ ಆಗ್ತದ.”

ಮಾಮೂನಿಗೆ ಅಂಗಡಿಯಲ್ಲಿ ಇಷ್ಟೇ ಹೇಳಿದಳು: “ಈ ವಾರ ನೀವು ಟೀವಿಯಾಗ ಬರ್ತೀರಿ, ಮಾಮೂ.” ಉಳಿದದ್ದನ್ನು ಅವನೇ ಮಾಡಿದ. ಹೇಮಲಪ್ಪನಿಗೆ ಹೇಳಿದ, ಮಸೀದಿಯ ಮುಂದೆ ಹೇಳಿದ, ಹೋಗಿಬರುವ ಲಾರಿ ನಿಲ್ಲಿಸಿ ಹೇಳಿದ. “ಜೈನಬ ಚಾಚೀಗೂ ಹೇಳ್ರಿ,” ಎಂದಳು ಮುಮ್ತಾಜ. ಅವಳ ತಲೆ ಸವರಿ, “ನೋಡ, ನೀ ಚಲೋ ಹುಡುಗಿ ಆಗಾಕತ್ತಿ,” ಎಂದ.

ಭಾನುವಾರ ರಘೋತ್ತಮರ ಪಡಸಾಲೆಯಲ್ಲಿ ಇರುವೆಗೂ ಜಾಗವಿರಲಿಲ್ಲ. ಕಿಟಕಿಯ ಸರಳಿಗೂ ಜನ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು ದಸ್ತಗೀರ ಮುಂದಿನ ಸಾಲಿನಲ್ಲಿ, ಹೇಮಲಪ್ಪನ ಪಕ್ಕ ಕೂತಿದ್ದ. ಖುರ್ಷಿದಾಬೇಗಂ, ಜೈನಬ ಗೋಡೆಯ ಕಡೆ. ಮುಮ್ತಾಜ ಎಂದಿನಂತೆ ಬಾಗಿಲಲ್ಲಿ. ಆ ತುಂಡನ್ನು ಕತ್ತರಿಸಿ ಎಸೆದಿದ್ದರೆ?

ಗಂಟೆ ಬಾರಿಸಿತು. ಅಂಗಳ ಬಂತು. ಮೇಣದಬತ್ತಿಗಳು ಬಂದವು. ಒಂದು ಹೊಟ್ಟೆ, ಎರಡು ಹೊಟ್ಟೆ, ಮೂರನೆಯದು, ನಾಲ್ಕನೆಯದು. ಇಗರ್ಜಿಯ ಬಾಗಿಲು ಮುಚ್ಚಿತು.

“ಎಲ್ಲಿ ಬಂದ್ಯೋ, ಮಾಸ್ತರ?” ಎಂದ ಹೇಮಲಪ್ಪ.

“ಈಗ ಹೋತಲ್ಲೋ! ಮೂರನೇದು!”

“ಅದು ಬರೇ ಹೊಟ್ಟಿ ಹೋತು. ಮಾರಿ ಎಲ್ಲೈತಿ? ಹೊಟ್ಟಿ ತೋರಿಸಾಕ ಊರಿಗೆಲ್ಲ ಡಂಗುರಾ ಹೊಡದಿ ಏನ?”

ಪಡಸಾಲೆ ನಕ್ಕಿತು. ದಸ್ತಗೀರನ ಕಿವಿ ಕೆಂಪಾಯಿತು. ಆಗ ಬಾಗಿಲ ಕಡೆಯಿಂದ ಸಣ್ಣ ದನಿ ಬಂತು. ಯಾವತ್ತೂ ನಾಲ್ಕು ಜನರಲ್ಲಿ ಬಾಯಿ ತೆರೆಯದ ಹುಡುಗಿಯ ದನಿ.

“ಮಾಮೂ ಅಲ್ಲೇಳ್ರಿ ಅದು. ಬ್ಯಾರೆ ಯಾರೋ ಇರಬೇಕು. ಮಾಮೂನ್ನ ಕತ್ತರಿಸಿ ಒಗದಿರಬೇಕು.”

“ಏನಂದಿ?” ದಸ್ತಗೀರ ಎದ್ದೇ ನಿಂತ. “ನಾ ಅಲ್ಲ? ಸಾಹೇಬ್ರ, ಹಿಂದ ಹಾಕ್ರಿ ಅದನ್ನ. ತೋರಿಸ್ತೀನಿ ಇವರಿಗೆ.”

ಸೀರಿಯಲ್ ಮುಗಿದ ಮೇಲೆ ರಘೋತ್ತಮರು ನಗುತ್ತ ಕ್ಯಾಸೆಟ್ ಹಿಂದಕ್ಕೆ ಓಡಿಸಿದರು. ಮತ್ತೆ ಗಂಟೆ, ಅಂಗಳ, ಬತ್ತಿ. ದಸ್ತಗೀರ ಟೀವಿಯ ಪಕ್ಕಕ್ಕೇ ಹೋಗಿ ನಿಂತಿದ್ದ. “ನಿಲ್ಲಸ್ರಿ! ಅಲ್ಲೇ ನಿಲ್ಲಸ್ರಿ!”

ಚಿತ್ರ ನಿಂತಿತು. ನಿಂತಲ್ಲೇ ಸಣ್ಣಗೆ ನಡುಗುತ್ತಿತ್ತು.

“ನೋಡ್ರಿ ಆ ಹೆಬ್ಬೆರಳು! ಉಗುರು ನೋಡ್ರಿ!” ಎಂದು ತನ್ನ ಬೆರಳನ್ನು ಗಾಜಿನ ಪಕ್ಕಕ್ಕೆ ಹಿಡಿದ. ಮಷೀನಿನ ಸೂಜಿ ಹೊಕ್ಕು ಎರಡಾಗಿ ಸೀಳಿ ಕಪ್ಪಾದ ಉಗುರು. ಸಡಾದಲ್ಲಿ ಅದನ್ನು ನೋಡದವರಿಲ್ಲ. ಗಾಜಿನೊಳಗೆ ಮೇಣದಬತ್ತಿ ಹಿಡಿದ ಬೆರಳಿನಲ್ಲೂ ಅದೇ ಉಗುರು. “ಇನ್ನ್ಯಾರದೈತಿ ಇಂಥಾದ್ದು? ಈ ಕೈ ನಂದು. ಈ ಹೊಟ್ಟಿ ನಂದು. ಇನ್ನರ ನಂಬ್ತೀರಿಲ್ಲೋ?”

“ನಂಬಿದ್ವಿಪಾ,” ಎಂದ ಹೇಮಲಪ್ಪ. “ಹೊಟ್ಟಿ ನಿಂದ.”

ಮುಮ್ತಾಜ ಕೂತವರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು.

“ಎಲ್ಲಾರೂ ಕೇಳಿದ್ರಿಲ್ಲ? ಕೈ ಮಾಮೂಂದು, ಹೊಟ್ಟಿ ಮಾಮೂಂದು. ಹೊಟ್ಟಿ ಮ್ಯಾಲ ಏನೈತಿ, ನೋಡ್ರಿ.”

ಮೇಣದಬತ್ತಿಯ ಕೆಳಗೆ ಮೂರು ಗುಂಡಿ ಬಿಗಿದು ನಿಂತಿದ್ದವು. ಅವಳ ಕಾಜಾ ಒಂದೂ ಹರಿದಿರಲಿಲ್ಲ. ಆದರೆ ಉಳಿಸಿದ ಬಟ್ಟೆ ಉಳಿಸಿದ್ದೇ. ಗುಂಡಿಯ ನಡುವೆ ಕರಿ ಅಂಗಿ ಮೀನಿನ ಬಾಯಿಯ ಹಾಗೆ ತೆರೆದು, ಒಳಗಿನದು ಬೆಳ್ಳಗೆ ಕಾಣುತ್ತಿತ್ತು.

“ಬನಿಯನ್ ಇರಬೇಕ ತಗಿ,” ಎಂದಳು ಜೈನಬ.

ಕೃಷ್ಣಾಬಾಯಿ ಕುರ್ಚಿ ಬಿಟ್ಟೆದ್ದು, ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು. ಹೆಣಿಕೆ ಬಲ್ಲವರು. “ಬನಿಯನ್ ಅಲ್ರೀ ಇದು. ಲೇಸ್ ಇದು, ಕೈಲೆ ಹೆಣದದ್ದು. ಇಲ್ಲೆ ಗೋಧಿ ತೆನಿ ಅದ. ಇದು ದ್ರಾಕ್ಷಿ ಗೊನಿ...” ಎಂದವರು ಅಲ್ಲೇ ನಿಲ್ಲಿಸಿದರು. ದ್ರಾಕ್ಷಿ ಗೊನೆಯ ಲೇಸಿನ ಕಥೆಯನ್ನು ಆ ಪಡಸಾಲೆಯಲ್ಲಿ ಎಲ್ಲರೂ ಕೇಳಿದ್ದರು. ಎಲ್ಲರೂ ಕೇಳಿದ್ದು ಒಬ್ಬನ ಬಾಯಿಂದಲೇ.

ದಸ್ತಗೀರನ ಬೆರಳು ಇನ್ನೂ ಗಾಜಿನ ಪಕ್ಕದಲ್ಲೇ ಇತ್ತು. ಅದನ್ನು ಅವನು ಮೆಲ್ಲಗೆ ಇಳಿಸಿ ಜುಬ್ಬಾದ ಕಿಸೆಯಲ್ಲಿ ಹಾಕಿಕೊಂಡ.

ರಘೋತ್ತಮರಿಗೇ ಮುಜುಗರವಾಗಿ ಯಂತ್ರದ ಕಡೆ ಕೈ ಒಯ್ದರು. “ತಗದ ಬಿಡ್ಲೇನವಾ?”

“ಬ್ಯಾಡ್ರಿ, ಸಾಹೇಬ್ರ. ಮಾಮೂ ಹೇಳೂತನಕ ಇರ್ಲಿ.”

“ಏನ ಹೇಳ್ಲಿ?” ದಸ್ತಗೀರನ ದನಿ ಬಾವಿಯೊಳಗಿನದಾಗಿತ್ತು. “ಅವತ್ತ... ಗೇಟಿನ್ಯಾಗ ಮೈ ತಡಕತಾರಂತ ಅಂಜಿ ನಿನ್ನ ಹೆಸರ ಹೇಳಿದೆ... ನಾನ ತಗೊಂಡಿದ್ದೆ.”

“ಕಿಟಕಿ ಹತ್ರ ಇದ್ದವರಿಗೆ ಕೇಳ್ಸಿಲ್ಲ. ಜೋರ ಹೇಳ್ರಿ. ಅವತ್ತ ನನ್ನ ಹೆಸರು ಜೋರಾಗಿ ಹೇಳಿದ್ರಿ.”

“ನಾನ ತಗೊಂಡಿದ್ದೆ! ಪಣಜಿಯಾಗ ಒಬ್ಬ ಹಳೇ ಸಾಮಾನದಾಂವಗ ಕೊಟ್ಟೆ! ಸಾಕ?”

ಖುರ್ಷಿದಾಬೇಗಂ ಅಳುತ್ತ ಬಂದು ಮಗಳ ತೋಳು ಹಿಡಿದಳು. “ಸಾಕ ಬಿಡ, ಬೇಟಿ. ಹಿರ್ಯಾ ಮನಷ್ಯಾ. ಮಾಫ ಮಾಡಿ ಬಿಡ. ಆ ಸೀರಿಯಲ್ಲಿನ ತಮ್ಮ ಸೈತ ಕಡೀಕ ಮಾಫ ಮಾಡ್ತಾನಂತ ನೀನ ಹೇಳಿದ್ದಿ.”

“ಅಂವಗ ಬರದ ಕೊಟ್ಟಿದ್ರು, ಅಮ್ಮಾ. ಆದ್ರೂ ಹನ್ನೊಂದ ಸಲಾ ತಪ್ಪಿದ. ನನಗ ಯಾರೂ ಬರದ ಕೊಟ್ಟಿಲ್ಲ.”

ಜೈನಬ ಬಳಿಗೆ ಬಂದು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. “ತಪ್ಪ ಆತ ನಂದು. ರಾಜಮಹ್ಮದ ಇನ್ನೂ ಹಂಗ ಅದಾನ. ಈದ ಆದ ಮ್ಯಾಲ...” ಮುಮ್ತಾಜ ತನ್ನ ಕೈಯನ್ನು, ದಾರ ಸಿಕ್ಕಿಕೊಂಡ ಸೂಜಿ ಬಿಡಿಸುವ ಹಾಗೆ, ಮೆಲ್ಲಗೆ ಬಿಡಿಸಿಕೊಂಡಳು. “ಪೆಟ್ಟಿಗಿ ಕೀಲಿ ಎಲ್ಲಿ ಮುಚ್ಚಿಡ್ತೀರಿ, ಚಾಚಿ?” ಎಂದಳು. ಅದಕ್ಕಿಂತ ಹೆಚ್ಚು ಏನೂ ಅನ್ನಲಿಲ್ಲ.

ಕೃಷ್ಣಾಬಾಯಿ ಕೇಳದೆಯೇ ಕ್ಯಾಸೆಟ್ ತೆಗೆದು ಕೊಟ್ಟರು. ಅದನ್ನು ಓಢಣಿಯಲ್ಲಿ ಸುತ್ತಿಕೊಂಡಳು.

ಮರುದಿನ ಬೆಳಿಗ್ಗೆ ಅಂಗಡಿಯ ಕದ ತೆಗೆದಾಗ ದಸ್ತಗೀರನಿಗೆ ಕಂಡವಳು ಅವಳೇ. ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಕ್ಯಾಸೆಟ್ಟು, ಅದರ ಮೇಲೆ ಚಹಾ ಬಣ್ಣದ ದಾರದ ಉಂಡೆ.

“ಕಾಜಾ ಬಾಳ ಉಳದಾವ,” ಎಂದ ಅವನು, ಎಲ್ಲೋ ನೋಡುತ್ತ.

“ಇರ್ಲಿ. ಏಳೂವರಿಗೆ ಮಡಗಾವ ಬಸ್ಸೈತಿ. ಅಲ್ಲಿಂದ ಕೆಪೆ.”

“ಊರಾಗ ಎಲ್ಲಾರ ಮುಂದ ಹೇಳಿದೆನಲ್ಲ. ಸಾಲಲಿಲ್ಲೇನ ನಿನಗ?”

“ಎರ್ಮೆಲಿಂದ ಬಾಯಿ ಕೇಳಿಲ್ಲ. ಅವತ್ತ ಮಾರಿ ತಿರುವಿದಾಕಿ, ಇನ್ನೂ ತಿರುವೇ ಕೂತಾಳ. ಲೇಸು ಯಾವ ಅಂಗಡಿಯಾಗೈತಿ ಅನ್ನೂದೂ ಅಕೀಗೆ ಹೇಳ್ರಿ.”

ದಸ್ತಗೀರ ಕದದ ಚಿಲಕ ಹಾಕಿದ. ಮುಂದೆ ಅವನು, ಮೂರು ಹೆಜ್ಜೆ ಹಿಂದೆ ಅವಳು. ಇಳಿಜಾರಿನ ದಾರಿಯಲ್ಲಿ ನೀರಿನ ಕೊಡ ಹೊತ್ತ ಹೆಂಗಸರು ನಿಂತು ನೋಡಿದರು. ಅವನು ತಲೆ ತಗ್ಗಿಸಿದ, ಅವಳು ತಗ್ಗಿಸಲಿಲ್ಲ. ಬಸ್ಸು ನಿಲ್ಲುವ ಜಾಗ ಬಂದಾಗ ಅವನು ತಿರುಗಿ ನಿಂತ. ಮುಖ ಒಂದೇ ದಿನದಲ್ಲಿ ಸುಕ್ಕಾಗಿತ್ತು.

“ಆ ಮುದುಕಿ ಮುಂದ ನಿಂತು ಏನಂತ ಹೇಳ್ಲಿ?”

“ಅವತ್ತ ಹೇಳಿದ್ದನ್ನ ಹೇಳ್ರಿ, ಮಾಮೂ. ಹೆಸರ ಒಂದ ಬದಲ ಮಾಡ್ರಿ.”